ಸೀಸದ ಪೊರೆ

ಸೀಸಕ್ಕೆ ಸಂಸ್ಕೃತದಲ್ಲಿ ನಾಗವೆಂದು ಒಂದು ಹೆಸರುಂಟು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆಲ್ಲ ಇದು ತಿಳಿದ ಮಾತು. ವೈದ್ಯರು ನಾಗಭಸ್ಮವೆನ್ನುವಾಗಲೂ ಅವರ ಮನಸ್ಸಿನಲ್ಲಿರುವುದು ಸೀಸವೇ. ಈ ಲೋಹಕ್ಕೆ ಹಾವಿನ ಹೆಸರು ಏಕೆ ಬಂದಿತೆಂದು ಪಾಠಶಾಲೆಯಲ್ಲಿ ಗುರುಗಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಪಾಠಶಾಲೆಗೆ ಸೇರುವುದಕ್ಕೆ ಮುಂಚೆಯೇ, ನನ್ನ ಹನ್ನೆರಡನೆಯ ವಯಸ್ಸಿನಲ್ಲಿ, ಸೀಸವು ಹಾವಿನಂತೆ ಪೊರೆ ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೆನು. ಅದು ಪೊರೆ ಬಿಟ್ಟದ್ದು ಕುರುಗೋಡಿನಲ್ಲಿ, ನನ್ನ ಸೋದರಮಾವನ ಬಂದೂಕಿನ ನಳಿಗೆಯೊಳಗೆ. ಅಂದಿನಿಂದ ಐವತ್ತಕ್ಕೂ ಮಿಕ್ಕಿದ ವರ್ಷಗಳು ಕಳೆದುವು. ಈ ಸಂಗತಿಯನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಹೋದ ಮಾಘಮಾಸದಲ್ಲಿ ಆಡಬೇಕಾಗಿ ಬಂದಿತು. ಒಮ್ಮೆ ಆಡಿದುದನ್ನು ಈಗ ಬರೆಯುವುದಕ್ಕೆ ಅಂಜಿಕೆಯಿಲ್ಲ.

ಆಡಿಸಿದವನು ನನ್ನ ತಂಗಿಯ ಮಗ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದು, ಯಂತ್ರಶಾಸ್ತ್ರ ಕಲಿತು, ಹತ್ತು ವರ್ಷಗಳಿಂದ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಹೆಂಡತಿ ಮಗಳೊಡನೆ ಇದ್ದಾನೆ. ಅಲ್ಲಿ ಗುರಿ ಹೊಡೆಯುವುದು ಒಂದು ವಿನೋದ. ರವಿವಾರಕ್ಕೊಮ್ಮೆ ಅವನು ಅದಕ್ಕಾಗಿಯೇ ಇರುವ ಬಯಲಿಗೆ ಪಿಸ್ತೂಲನ್ನೊಯ್ದು ಕಾಗದದ ಗುರಿಗೆ ಹೊಡೆದು ಬರುತ್ತಾನೆ. ಅಂಗಡಿಯ ತೋಟೆಗೆ ಬೆಲೆ ಹೆಚ್ಚೆಂದು ಸೀಸವನ್ನು ಕರಗಿಸಿ ಗುಂಡುಗಳನ್ನು ತಾನೇ ಎರಕ ಹೊಯ್ಯುತ್ತಾನೆ. ಆ ದೇಶದ ಕಾನೂನು ಇದಕ್ಕೆ ಅಡ್ಡಿ ಮಾಡುವುದಿಲ್ಲವಂತೆ. ಎರಕದ ಗುಂಡಿಗೆ ಅವನು ಬಣ್ಣದ ಪುಡಿಯನ್ನು ಹಚ್ಚಿ, ಇನ್ನೂರು ಡಿಗ್ರಿ ಸೆಂಟಿಗ್ರೇಡಿನ ಒಲೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸುತ್ತಾನೆ. ಪುಡಿಯು ಕರಗಿ ಗುಂಡಿನ ಮೈಗೆ ಚರ್ಮದಂತೆ ಅಂಟಿಕೊಳ್ಳುತ್ತದೆ. ಬೀರು, ಬೈಸಿಕಲ್ಲುಗಳಿಗೆ ಕಾರಖಾನೆಯಲ್ಲಿ ಬಳಿಯುವುದೂ ಇಂಥ ಪುಡಿಯನ್ನೇ. ಈ ಚರ್ಮವಿರುವುದರಿಂದ ಸೀಸವು ಉಕ್ಕನ್ನು ಮುಟ್ಟಲಾರದು. ಮುಟ್ಟದಿದ್ದರೆ ನಳಿಗೆಯಲ್ಲಿ ಸೀಸ ಮೆತ್ತಲಾರದು ಎಂಬುದು ಯುಕ್ತಿ.

ಯುಕ್ತಿ ಸರಿಯಾಗಿತ್ತು; ಫಲ ಮಾತ್ರ ಬರಲಿಲ್ಲ. ಐವತ್ತು ಗುಂಡು ಹೊಡೆಯುವಷ್ಟರಲ್ಲಿ ನಳಿಗೆಯ ಒಳಮೈಯಲ್ಲಿ ಬೂದು ಬಣ್ಣದ ಪದರು ಕಟ್ಟುತ್ತಿತ್ತಂತೆ. ಅವನು ಪುಡಿಯ ಬಣ್ಣವನ್ನು ಬದಲಿಸಿದನು. ಒಂದು ಲೇಪಕ್ಕೆ ಎರಡು ಲೇಪ ಕೊಟ್ಟನು. ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡಿದನು. ಪದರು ಕಟ್ಟುವುದು ನಿಲ್ಲಲಿಲ್ಲ. ಇದನ್ನೆಲ್ಲ ಅವನು ನನಗೆ ದೂರವಾಣಿಯಲ್ಲಿ ಹೇಳಿದುದು ಪರಿಹಾರವನ್ನು ಕೇಳಿ ಅಲ್ಲ. ಶಬ್ದರೂಪ ಧಾತುರೂಪಗಳನ್ನು ಮಕ್ಕಳ ಬಾಯಿಂದ ಹೇಳಿಸುತ್ತ ಮೂವತ್ತು ವರ್ಷ ಕಳೆದ ಮಾವನಿಗೆ ಬಂದೂಕಿನ ಶಾಸ್ತ್ರವೇನು ತಿಳಿದೀತು! ಮಾತಿಗೆ ಮಾತು ಬಂದು ಹೇಳಿದನು, ಅಷ್ಟೆ. "ಸೀಸದ ಪದರು ನಳಿಗೆಯ ಬುಡದಲ್ಲಿದೆಯೋ, ಬಾಯಲ್ಲಿದೆಯೋ?" ಎಂದು ನಾನು ಕೇಳಿದಾಗ ಅವನು ಒಂದು ಕ್ಷಣ ಸುಮ್ಮನಾಗಿ, "ಮಾವ, ಇದನ್ನು ನೀವು ಎಲ್ಲಿ ಕಲಿತಿರಿ?" ಎಂದನು.

ಎಲ್ಲಿ ಕಲಿತೆನೆಂಬುದನ್ನು ಹೇಳುತ್ತೇನೆ.

ಕುರುಗೋಡನ್ನು ಕಂಡವರಿಗೆ ಅಲ್ಲಿಯ ಬೆಟ್ಟ ನೆನಪಿರುವುದು. ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಬೆಟ್ಟ. ಊರಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡಬಸವೇಶ್ವರ. ನನ್ನ ಸೋದರಮಾವನ ಹೊಲ ಆ ಬೆಟ್ಟದ ತಪ್ಪಲಲ್ಲಿತ್ತು. ಜೋಳ ಮತ್ತು ಶೇಂಗಾ ಬೆಳೆಯುತ್ತಿದ್ದನು. ತಂದೆ ತೀರಿಕೊಂಡ ಮೇಲೆ ನಾನೂ ನನ್ನ ತಂಗಿಯೂ ಅವನ ಮನೆಯಲ್ಲಿಯೇ ಬೆಳೆದೆವು. ಬಂಡೆಗಳ ಸಂದಿನಲ್ಲಿ ಹಗಲೆಲ್ಲ ಮಲಗುವ ಕಾಡುಹಂದಿಗಳು ರಾತ್ರಿ ಇಳಿದು ಬಂದರೆ, ಉತ್ತ ಹಾಗೆ ಶೇಂಗಾದ ಸಾಲನ್ನು ಮೂತಿಯಿಂದ ಮಗುಚಿ ಹಾಕಿ ಬೆಳಗಾಗುವುದರೊಳಗೆ ಅರ್ಧ ಎಕರೆಯನ್ನು ಮುಗಿಸುತ್ತಿದ್ದುವು. ಆದಕಾರಣ ಮಾವನ ಮನೆಯಲ್ಲಿ ಬೆಳೆ ಕಾಯುವುದಕ್ಕೆಂದು ಒಂದು ಬಂದೂಕಿತ್ತು. ಬಾಯಿಂದ ಮದ್ದು ತುಂಬಿ, ಗಜದಿಂದ ಗುಂಡನ್ನಿಳಿಸಿ, ಕೇಪು ಇಟ್ಟು ಹೊಡೆಯುವ ಒಂಟಿ ನಳಿಗೆಯ ಬಂದೂಕು. ಅದರ ಮೊದಲ ಪರವಾನಗಿಯನ್ನು ನನ್ನ ತಾತನು ಪಡೆದದ್ದು ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರಿಗೆ ಸೇರಿತು. ೧೯೫೯ರ ಆಯುಧ ಕಾಯಿದೆಯು ೧೯೬೨ರಲ್ಲಿ ಜಾರಿಗೆ ಬಂದಿತು. ಪರವಾನಗಿಯ ಪುಸ್ತಕ ಬದಲಾಯಿತೇ ಹೊರತು ಬಂದೂಕು ಅದೇ. ನಾನು ಹೇಳುವುದು ೧೯೬೯ರ ಮಾತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಬಂದಿರಲಿಲ್ಲ, ಅದು ೧೯೭೨ರದು.

ಮಾವನು ಹಿಂಸೆಯನ್ನು ಒಲ್ಲದ ಮನುಷ್ಯ. ಮೊದಮೊದಲು ಗುಂಡಿಲ್ಲದೆ ಬರಿಯ ಮದ್ದನ್ನೇ ತುಂಬಿ ಆಕಾಶಕ್ಕೆ ಹೊಡೆಯುತ್ತಿದ್ದನು. ಆ ಸದ್ದಿಗೆ ಹಂದಿಗಳು ಮೂರು ರಾತ್ರಿ ಓಡಿದುವು. ನಾಲ್ಕನೆಯ ರಾತ್ರಿ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದುವು. ಕಡೆಗೆ ಗುಂಡು ಬೇಕಾಯಿತು. ಸಿರುಗುಪ್ಪದ ಸಂತೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮುದುಕನೊಬ್ಬನಿದ್ದನು. ಅವನಲ್ಲಿ ಸೀಸದ ಗಟ್ಟಿಗಳು ದೊರೆಯುತ್ತಿದ್ದುವು. ಅದನ್ನು ತಂದು ಹಿತ್ತಿಲಿನ ಕಟ್ಟಿಗೆಯ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಕರಗಿಸುವುದು. ಮೇಲೆ ತೇಲುವ ಕಿಟ್ಟವನ್ನು ತೆಗೆಯುವುದು. ಇಕ್ಕುಳದಂಥ ಅಚ್ಚಿನಲ್ಲಿ ಹೊಯ್ಯುವುದು. ಸೀಸ ಕರಗುವುದಕ್ಕೆ ಮುನ್ನೂರ ಇಪ್ಪತ್ತೇಳು ಡಿಗ್ರಿ ಕಾವು ಸಾಕು. ಕಬ್ಬಿಣದವರ ಕುಲುಮೆ ಬೇಡ. ಅಚ್ಚಿನಲ್ಲಿ ನೀರಿನ ಹನಿಯಿದ್ದರೆ ಸೀಸ ಸಿಡಿದು ಕಣ್ಣು ತೆಗೆದೀತೆಂದು ಮಾವನು ಪ್ರತಿ ಸಲವೂ ಅಚ್ಚನ್ನು ಬೆಂಕಿಗೆ ಹಿಡಿದು ಒಣಗಿಸುತ್ತಿದ್ದನು. ಗುಂಡು ನಳಿಗೆಗಿಂತ ಕೊಂಚ ಸಣ್ಣದು. ಅದನ್ನು ಜೇನುಮೇಣ ಮತ್ತು ಹರಳೆಣ್ಣೆ ಕೂಡಿಸಿ ಸವರಿದ ಅರಿವೆಯ ತುಂಡಿನಲ್ಲಿ ಸುತ್ತಿ ಇಳಿಸಬೇಕು. ಅರಿವೆ ಸಂದನ್ನು ತುಂಬುವುದು. ಸೀಸವು ಕಬ್ಬಿಣವನ್ನು ಮುಟ್ಟದಂತೆ ಕಾಯುವುದು. ಟೆಕ್ಸಾಸಿನ ಬಣ್ಣದ ಪುಡಿ ಈಗ ಮಾಡುವ ಕೆಲಸವನ್ನೇ ಕುರುಗೋಡಿನ ಹಳೆಯ ಪಂಚೆಯ ತುಂಡು ಆಗ ಮಾಡುತ್ತಿತ್ತು.

ಈ ವ್ಯವಸ್ಥೆಯಲ್ಲಿ ನನಗೆ ಎರಡು ಕೆಲಸ. ಒಂದು, ರಾತ್ರಿ ಮಂಚಿಕೆಯ ಮೇಲೆ ಮಾವನ ಪಕ್ಕದಲ್ಲಿ ಕುಳಿತು, ಕೇಳಿದಾಗ ಗುಂಡನ್ನು ಕೊಡುವುದು. ಕತ್ತಲೆಯಲ್ಲಿ ಬಿದ್ದುಹೋಗಬಾರದೆಂದು ಎರಡು ಗುಂಡುಗಳನ್ನು ದವಡೆಯಲ್ಲಿಟ್ಟುಕೊಂಡಿರುತ್ತಿದ್ದೆನು. ಅದರ ರುಚಿ ಕೊಂಚ ಸಿಹಿ. ಇನ್ನೊಂದು, ಬೆಳಗ್ಗೆ ಬಂದೂಕು ತೊಳೆಯುವುದು. ಕರಿಮದ್ದೆಂದರೆ ಪೆಟ್ಲುಪ್ಪು, ಇದ್ದಲು, ಗಂಧಕ. ಉರಿದ ಮೇಲೆ ಅದು ಬಿಡುವ ಕಿಟ್ಟ ಗಾಳಿಯ ತೇವವನ್ನು ಹೀರಿ ಒಂದೆರಡು ದಿನದಲ್ಲಿಯೇ ಕಬ್ಬಿಣವನ್ನು ತಿನ್ನತೊಡಗುತ್ತದೆ. ಅದನ್ನು ಕರಗಿಸತಕ್ಕದ್ದು ಕುದಿಯುವ ನೀರು. ನಳಿಗೆಯಲ್ಲಿ ಬಿಸಿನೀರು ಹೊಯ್ದು, ಗಜಕ್ಕೆ ಅರಿವೆ ಸುತ್ತಿ ತಿಕ್ಕಿ, ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಮಾವನು ಇದನ್ನು ನನಗೆ ಒಂದೇ ಸಲ ತೋರಿಸಿದನು. ಮತ್ತೆ ಮೇಲ್ವಿಚಾರಣೆ ಮಾಡಲಿಲ್ಲ. ನಂಬುವುದು ಅವನ ಸ್ವಭಾವ.

ಆ ವರ್ಷ ಬಾವಿಯ ನೀರು ಆಳಕ್ಕಿಳಿದಿತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟ ಹುಡುಗನಿಗೆ ನಾಲ್ಕು ಕೊಡ ಸೇದಿ, ಒಲೆ ಹೊತ್ತಿಸಿ, ನೀರು ಕುದಿಸುವ ತಾಳ್ಮೆಯಿರಲಿಲ್ಲ. ಮೊದಲೊಂದು ದಿನ ಬಿಟ್ಟೆನು, ಏನೂ ಆಗಲಿಲ್ಲ. ಮತ್ತೊಂದು ದಿನ ಬಿಟ್ಟೆನು. ಆಮೇಲೆ ಎಣ್ಣೆಯ ಅರಿವೆಯಿಂದ ಹೊರಮೈಯನ್ನು ತಿಕ್ಕಿ, ನಳಿಗೆಯೊಳಕ್ಕೂ ಅದೇ ಅರಿವೆಯನ್ನು ಒಮ್ಮೆ ಆಡಿಸಿ ಗೋಡೆಗೆ ತೂಗುಹಾಕುವುದೇ ರೂಢಿಯಾಯಿತು. ಬಂದೂಕು ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. "ಹುಡುಗ ಚೆನ್ನಾಗಿ ಇಟ್ಟಿದ್ದಾನೆ" ಎಂದು ಮಾವನು ಬಂದವರೆದುರಿಗೆ ಹೇಳಿದ್ದೂ ಉಂಟು. ಕಿಟ್ಟದ ಮೇಲೆ ಎಣ್ಣೆ ಬಳಿದರೆ ಕಿಟ್ಟವು ಎಣ್ಣೆಯ ಕೆಳಗೆ ತನ್ನ ಕೆಲಸವನ್ನು ಮಾಡುತ್ತಲೇ ಇರುವುದೆಂಬುದನ್ನು ನಾನು ಆಗ ಅರಿತಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಗುಂಡು ಇಳಿಯುವುದು ಬಿಗಿಯಾಯಿತು. ಗಜಕ್ಕೆ ಸುತ್ತಿದ ಅರಿವೆಯಲ್ಲಿ ಬೆಳ್ಳಿಯಂಥ ಚೂರುಗಳು ಬರತೊಡಗಿದುವು. ಮಾವನು ವಿಚಾರಶೀಲನೇ. ಹೊಡೆದ ಮೇಲೆ ಹೊಲದಲ್ಲಿ ಬಿದ್ದ ಅರಿವೆಯ ತುಂಡುಗಳನ್ನು ಬೆಳಗ್ಗೆ ಹುಡುಕಿ ತಂದು ನೋಡಿದನು. ಸುಟ್ಟಿದ್ದರೆ ಎಣ್ಣೆ ಸಾಲದು. ಹರಿದಿದ್ದರೆ ಎಲ್ಲಿಯೋ ಕೊಯ್ಯುತ್ತಿದೆ. ಇಡಿಯಾಗಿದ್ದರೆ ಅರಿವೆಯಲ್ಲಿ ತಪ್ಪಿಲ್ಲ. ತುಂಡುಗಳು ಹರಿದಿದ್ದುವು. ಅವನು ದಪ್ಪ ಅರಿವೆ ಹಾಕಿದನು, ಮೇಣವನ್ನು ಹೆಚ್ಚಿಸಿದನು, ಮದ್ದನ್ನು ಕಡಿಮೆ ಮಾಡಿದನು. ಯಾವುದೂ ನಡೆಯಲಿಲ್ಲ. ಉಳಿದುದು ಸೀಸ. ಸೀಸದಲ್ಲಿ ಏನನ್ನೋ ಬೆರೆಸಿದ್ದಾನೆಂದು ತೀರ್ಮಾನಿಸಿ, ಮಾವನು ಸಿರುಗುಪ್ಪದ ಸಂತೆಗೆ ಹೋಗಿ, ಹತ್ತು ಜನರೆದುರಿಗೆ ಆ ಕಲಾಯಿಯ ಮುದುಕನನ್ನು ಮೋಸಗಾರನೆಂದನು. ಮುದುಕನು ತನ್ನ ಕುಲುಮೆಯನ್ನು ಮುಟ್ಟಿ ಆಣೆಯಿಟ್ಟನು. ಮಾವನು ಕೇಳಲಿಲ್ಲ. ನೋಡುತ್ತಿದ್ದ ಹೆಂಗಸರಿಬ್ಬರು ಕಲಾಯಿಗೆ ಕೊಟ್ಟಿದ್ದ ತಂಬಿಗೆಗಳನ್ನು ಎತ್ತಿಕೊಂಡು ಹೊರಟುಹೋದರು. ನಾನು ಮಾವನ ಹಿಂದೆ ಚೀಲವನ್ನು ಹಿಡಿದು ನಿಂತಿದ್ದೆನು. ನನ್ನ ಬಾಯಲ್ಲಿ ಅಂದು ಗುಂಡುಗಳಿರಲಿಲ್ಲ. ಆದರೂ ಮಾತು ಹೊರಡಲಿಲ್ಲ.

ಇದಾದ ಎಂಟು ದಿನಕ್ಕೆ, ಅಮಾವಾಸ್ಯೆಯ ರಾತ್ರಿ, ಹಂದಿಗಳ ಹಿಂಡು ಹೊಲಕ್ಕೆ ಬಿದ್ದಿತು. ಮಾವನು ಒಂದು ಗುಂಡು ಹೊಡೆದು ಎರಡನೆಯದನ್ನು ಇಳಿಸತೊಡಗಿದನು. ಅದು ನಡುವೆ ನಿಂತುಬಿಟ್ಟಿತು. ಮೇಲಕ್ಕೂ ಬರಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು. ಮದ್ದಿನ ಮೇಲೆ ಗುಂಡು ಕೂಡದೆ ನಡುವೆ ಸಂದಿರುವಾಗ ಹೊಡೆದರೆ ನಳಿಗೆಯೇ ಸೀಳಿಹೋಗಬಹುದು. ಹೊಡೆಯುವವನ ಕೈಯೂ, ಪಕ್ಕದಲ್ಲಿ ಕುಳಿತವನ ಮುಖವೂ ಉಳಿಯಲಾರವು. ಮಾವನು ಇದನ್ನು ಬಲ್ಲವನು. ಕೇಪನ್ನು ತೆಗೆದು, ಕುಡಿಯುವ ನೀರನ್ನು ಕೇಪಿನ ರಂಧ್ರದಿಂದ ಬಿಟ್ಟು ಮದ್ದನ್ನು ನೆನೆಸಿ, ಬಂದೂಕನ್ನು ಕೆಳಗಿಟ್ಟನು. ಆಮೇಲೆ ನಾವಿಬ್ಬರೂ ಮಂಚಿಕೆಯ ಮೇಲೆ ಕುಳಿತು, ಹಂದಿಗಳು ಶೇಂಗಾವನ್ನು ಅಗಿಯುವ ಸದ್ದನ್ನು ಬೆಳಗಿನವರೆಗೆ ಕೇಳಿದೆವು. ಆ ಬೆಳೆಯ ಮೇಲೆ ಸಾಲವಿತ್ತು.

ಬಳ್ಳಾರಿಯ ಕೋಟೆಯ ಗುಡ್ಡದ ಕೆಳಗೊಂದು ಓಣಿಯಲ್ಲಿ ಬಂದೂಕು ರಿಪೇರಿಯ ಅಂಗಡಿಯಿತ್ತು. ಮಾವನು ಪರವಾನಗಿಯ ಪುಸ್ತಕವನ್ನೂ ಬಂದೂಕನ್ನೂ ಹಿಡಿದು, ಜತೆಗೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದನು. ರಿಪೇರಿಯವನು ಹಿಂಬದಿಯ ತಿರುಪನ್ನು ಬಿಚ್ಚಿ, ಗುಂಡನ್ನು ತಳ್ಳಿ ತೆಗೆದು, ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದನು. ನನ್ನನ್ನು ಕರೆದು ನನಗೂ ತೋರಿಸಿದನು. ಒಳಮೈಯೆಲ್ಲ ಸಿಡುಬಿನ ಕಲೆಯಂತೆ ಕುಳಿ ಬಿದ್ದಿತ್ತು. ಕುಳಿಕುಳಿಯಲ್ಲಿ ಸೀಸ ಕಚ್ಚಿಕೊಂಡು, ಪದರು ಪದರಾಗಿ ಹಾವಿನ ಪೊರೆಯಂತೆ ಹೊಳೆಯುತ್ತಿತ್ತು. "ಸೀಸದಲ್ಲಿ ದೋಷವಿಲ್ಲ. ಈ ನಳಿಗೆ ಬಿಸಿನೀರು ಕಂಡು ವರ್ಷವಾಗಿದೆ. ತುಕ್ಕು ಅರಿವೆಯನ್ನು ಹರಿಯುತ್ತದೆ. ಅರಿವೆ ಹರಿದರೆ ಸೀಸ ಮೆತ್ತುತ್ತದೆ. ತೊಳೆಯುವವರು ಯಾರು?" ಎಂದು ಕೇಳಿದನು.

ಮಾವನು ನನ್ನ ಕಡೆಗೆ ನೋಡಲಿಲ್ಲ. "ನಾನೇ" ಎಂದನು.

ಮರುವಾರ ಅವನು ಸಿರುಗುಪ್ಪದ ಸಂತೆಗೆ ಹೋಗಿ, ಅದೇ ಜಾಗದಲ್ಲಿ, ಮತ್ತೆ ಹತ್ತು ಜನರೆದುರಿಗೆ, "ತಪ್ಪು ನನ್ನ ಮನೆಯದು, ನಿನ್ನ ಸೀಸದ್ದಲ್ಲ" ಎಂದು ಆ ಮುದುಕನಿಗೆ ಕೈಮುಗಿದನು. ನಾನು ಜತೆಗಿದ್ದೆನು. ಮುದುಕನು ಏನೂ ಅನ್ನಲಿಲ್ಲ. ಕೆಂಡದ ಮೇಲಿದ್ದ ಪಾತ್ರೆಯನ್ನು ತಿರುಗಿಸುತ್ತಲೇ ಇದ್ದನು. ಬಂದೂಕನ್ನು ಮಾವನು ಸರಕಾರಕ್ಕೆ ಒಪ್ಪಿಸಿದನು. ಮುಂದಿನ ವರ್ಷ ನನ್ನನ್ನು ಬಳ್ಳಾರಿಯ ಸಂಸ್ಕೃತ ಪಾಠಶಾಲೆಗೆ ಸೇರಿಸಿದನು. ಅವನು ತೀರಿಕೊಂಡದ್ದು ೧೯೯೪ರಲ್ಲಿ. ಅಷ್ಟು ಕಾಲದಲ್ಲಿ ಅವನು ಒಂದು ದಿನವೂ ನನ್ನನ್ನು ಕೇಳಲಿಲ್ಲ. ನಾನು ಒಂದು ದಿನವೂ ಹೇಳಲಿಲ್ಲ.

ಈಗ ಟೆಕ್ಸಾಸಿನ ಮಾತಿಗೆ ಬರುತ್ತೇನೆ. ಅಳಿಯನ ಉತ್ತರ: ಪದರು ನಳಿಗೆಯ ಬುಡದಿಂದಲೇ ಮೊದಲಾಗುತ್ತದೆ. ಬಾಯ ಕಡೆಗೆ ಮಾತ್ರ ಇದ್ದರೆ ಲೇಪವು ದಾರಿಯಲ್ಲಿ ಸೋತಿತೆಂದು ತಿಳಿಯಬಹುದು. ಬುಡದಲ್ಲಿದ್ದರೆ ಗುಂಡು ನಳಿಗೆಗೆ ಸಣ್ಣದಾಗಿರಬೇಕು, ಇಲ್ಲವೆ ನಳಿಗೆಯೇ ಒರಟಾಗಿರಬೇಕು. ಸಣ್ಣ ಗುಂಡಿನ ಬದಿಯಿಂದ ಉರಿಯುವ ಅನಿಲ ನುಗ್ಗಿ ಲೇಪವನ್ನೂ ಸೀಸವನ್ನೂ ಕೊರೆದು ಉಕ್ಕಿಗೆ ಬೆಸುಗೆ ಹಾಕಿಬಿಡುತ್ತದೆ. ನಾನು ಹೇಳಿದೆನು: "ಸೀಸವನ್ನೂ ಬಣ್ಣವನ್ನೂ ಬಿಡು. ಮೊದಲು ನಳಿಗೆಯನ್ನು ಬರಿಯ ಉಕ್ಕು ಕಾಣುವವರೆಗೆ ತೊಳೆ. ಹಳೆಯ ಪೊರೆಯ ಮೇಲೆ ಹೊಸ ಪರೀಕ್ಷೆ ನಡೆಯದು. ಆಮೇಲೆ ಒಂದೊಂದನ್ನೇ ನೋಡು. ಎರಡನ್ನು ಒಮ್ಮೆಗೆ ಬದಲಿಸಬೇಡ."

ಅವನು ಹಾಗೆಯೇ ಮಾಡಿದನು. ಲೇಪ ಬೆಂದಿದೆಯೇ ಎಂದು ಅಸಿಟೋನಿನಲ್ಲಿ ಅದ್ದಿದ ಅರಿವೆಯಿಂದ ಒರಸಿದನು, ಬಣ್ಣ ಬಿಡಲಿಲ್ಲ. ಸುತ್ತಿಗೆಯಿಂದ ಗುಂಡನ್ನು ಚಪ್ಪಟೆ ಮಾಡಿದನು, ಲೇಪ ಸಿಪ್ಪೆಯೇಳಲಿಲ್ಲ. ಮೆದುಸೀಸದ ತುಂಡೊಂದನ್ನು ನಳಿಗೆಯಲ್ಲಿ ತಳ್ಳಿ ತೆಗೆದು ಅದರ ಅಗಲವನ್ನು ಅಳೆದನು. ಅಂಗುಲದ ಸಾವಿರದಲ್ಲಿ ಮುನ್ನೂರ ಐವತ್ತೈದೂವರೆ ಪಾಲು. ಅವನ ಗುಂಡು ಮುನ್ನೂರ ಐವತ್ತೇಳು. ನಳಿಗೆಗಿಂತ ಕೊಂಚ ದೊಡ್ಡದು, ಇರತಕ್ಕಂತೆಯೇ ಇದೆ. ಎಲ್ಲವೂ ಸರಿ, ಆದರೂ ಪದರು! ಆಗ ಅವನಿಗೆ ನಮ್ಮ ಮಾವನ ಅರಿವೆಯ ತುಂಡುಗಳು ನೆನಪಾದುವಂತೆ. ಹಿತ್ತಾಳೆಯ ಕೋಶದಲ್ಲಿ ಕೂರಿಸಿದ್ದ ಗುಂಡೊಂದನ್ನು ಹೊಡೆಯದೆ ಮತ್ತೆ ಕಿತ್ತು ತೆಗೆದು ಅಳೆದನು. ಮುನ್ನೂರ ಐವತ್ತನಾಲ್ಕು! ಗಟ್ಟಿಯಾದ ಹಿತ್ತಾಳೆಯ ಕೋಶವು ಮೆದುವಾದ ಸೀಸವನ್ನು ಹಿಂಡಿ ಸಣ್ಣದು ಮಾಡುತ್ತಿತ್ತು. ಅದರ ಅಂಚು ಲೇಪವನ್ನೂ ಕೆರೆದಿತ್ತು. ಒಳಗೆ ಹೋಗುವವರೆಗೆ ಸರಿಯಾಗಿದ್ದ ಗುಂಡು ಒಳಗೆ ಕುಳಿತು ಕೆಟ್ಟಿತ್ತು. ಕೋಶದ ಬಾಯನ್ನು ಕೊಂಚ ಹೆಚ್ಚು ಅಗಲಿಸುವ ಸಲಕರಣೆಯನ್ನು ತಂದು, ಅಂಚಿನ ಬಿಗಿತವನ್ನು ಸಡಿಲಿಸಿದನು. ನೂರು ಗುಂಡು ಹೊಡೆದ ಮೇಲೂ ನಳಿಗೆ ಕನ್ನಡಿಯಂತಿದೆಯೆಂದು ಸಂತೋಷದಿಂದ ಹೇಳಿದನು.

ಆ ಸಂತೋಷವನ್ನು ತೋರಿಸುವುದಕ್ಕೆಂದು ಅವನು ದೂರವಾಣಿಯ ಪರದೆಯಲ್ಲಿ ಗುಂಡುಗಳನ್ನು ಹರಡಿದ ಮೇಜನ್ನು ತೋರಿಸಿದನು. ಎಂಥ ಚೆಲುವು! ಗುಲಗಂಜಿಯ ಕೆಂಪು, ಪೆಪ್ಪರಮಿಂಟಿನ ಹೊಳಪು. ಅಷ್ಟರಲ್ಲಿ ಮೇಜಿನಂಚಿನಿಂದ ಒಂದು ಪುಟ್ಟ ಕೈ ಮೇಲೆದ್ದು ಒಂದು ಗುಂಡನ್ನು ಹಿಡಿಯಿತು. ಅವನ ಮಗಳು, ಮೂರು ವರ್ಷದವಳು. ಹಿಡಿದುದನ್ನು ಬಾಯಿಗೆ ಒಯ್ದಳು.

ನಾನು ಕೂಗಿದ ಕೂಗಿಗೆ ಅಡಿಗೆಯ ಮನೆಯಿಂದ ನನ್ನ ಹೆಂಡತಿ ಓಡಿ ಬಂದಳು. ಅಳಿಯನು ಮಗುವಿನ ಕೈಯಿಂದ ಗುಂಡನ್ನು ಕಸಿದು, "ಮಾವ, ಮೇಲೆ ಲೇಪವಿದೆಯಲ್ಲ" ಎಂದನು.

ಲೇಪವಿದೆಯಲ್ಲ! ಈ ಮಾತಿಗೆ ನನ್ನ ಎದೆ ಕುಸಿಯಿತು. ಗೋಡೆಯ ಮೇಲೆ ಎಣ್ಣೆ ಸವರಿ ತೂಗುಹಾಕಿದ್ದ ಬಂದೂಕು ಕಣ್ಣೆದುರಿಗೆ ಬಂದಿತು. ಅಂದು ಅವನಿಗೆ ಎಲ್ಲವನ್ನೂ ಹೇಳಿದೆನು: ತೊಳೆಯದ ನಳಿಗೆ, ಸಂತೆಯ ಮುದುಕ, ಮಾವನ "ನಾನೇ" ಎಂಬ ಮಾತು, ನನ್ನ ದವಡೆಯಲ್ಲಿದ್ದ ಗುಂಡುಗಳು. ಸೀಸದ ವಿಷಯದಲ್ಲಿ ಮಕ್ಕಳಿಗೆ ಇಷ್ಟರವರೆಗೆ ಅಪಾಯವಿಲ್ಲವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ರಕ್ತವನ್ನು ಸೇರಿ, ಮೂಳೆಯಲ್ಲಿ ಸುಣ್ಣದ ಜಾಗದಲ್ಲಿ ಅಡಗಿ, ಬೆಳೆಯುವ ಮೆದುಳನ್ನು ಕುಂದಿಸುತ್ತದೆ. ಹೊರಗೆ ಯಾವ ಗುರುತೂ ಕಾಣದು. ಅಪಾಯವು ಗುಂಡಿನಲ್ಲಿ ಮಾತ್ರವಿಲ್ಲ. ಕರಗಿಸುವಾಗ ತೆಗೆದ ಕಿಟ್ಟದ ಧೂಳಿನಲ್ಲಿ, ನಳಿಗೆ ತಿಕ್ಕಿದ ಅರಿವೆಯಲ್ಲಿ, ತಂದೆಯ ಅಂಗಿಯ ತೋಳಿನಲ್ಲಿಯೂ ಇದೆ. ತೆವಳುವ, ನೆಲ ಮುಟ್ಟಿದ ಕೈಯನ್ನು ಬಾಯಿಗಿಡುವ ಮಗುವಿರುವ ಮನೆಯಲ್ಲಿ ಆ ಕೆಲಸ ಕೂಡದು. "ನಳಿಗೆಯನ್ನು ಅಂಗುಲದ ಸಾವಿರದ ಪಾಲಿನವರೆಗೆ ಅಳೆದೆ, ಮಗುವಿನ ರಕ್ತವನ್ನು ಅಳೆಯಿಸಿದೆಯಾ?" ಎಂದು ಕೇಳಿದೆನು. ಅವನು ಮಾತಾಡಲಿಲ್ಲ.

ಒಂದು ವಾರದ ಮೇಲೆ ಕರೆ ಬಂದಿತು. ಮಗುವಿನ ರಕ್ತಪರೀಕ್ಷೆಯಾಯಿತಂತೆ. ಸೀಸವು ಇದೆ, ವೈದ್ಯರು ಚಿಂತಿಸುವ ಮಟ್ಟಕ್ಕೆ ಕೊಂಚ ಕೆಳಗೆ. ಮೂರು ತಿಂಗಳಲ್ಲಿ ಮತ್ತೆ ನೋಡಬೇಕೆಂದಿದ್ದಾರೆ. ಅವನು ಒಲೆಯನ್ನೂ ಅಚ್ಚುಗಳನ್ನೂ ಮನೆಯಿಂದ ಸಾಗಿಸಿ, ನೆಲವನ್ನು ಗುಡಿಸದೆ ಒದ್ದೆ ಅರಿವೆಯಿಂದ ಒರಸಿ, ಆ ಕೆಲಸದಲ್ಲಿ ತೊಟ್ಟ ಬಟ್ಟೆಗಳನ್ನು ಬೇರೆಯಾಗಿ ಒಗೆದನಂತೆ. "ಸೊಸೆಗೆ ಹೇಳಿದೆಯಾ?" ಎಂದೆನು. "ಹೇಳಿದೆ. ನಾನು ಮಾಡಿದ್ದೆಂದೇ ಹೇಳಿದೆ" ಎಂದನು.

ಹನ್ನೆರಡು ವರ್ಷದ ಹುಡುಗನಿಗೆ ಆಗದಿದ್ದುದು ಅವನಿಗೆ ಆಯಿತು. ನನಗೆ ಅದೇ ಸಮಾಧಾನ. ಕಳೆದ ತಿಂಗಳು ನಾನು ಸಿರುಗುಪ್ಪಕ್ಕೆ ಹೋಗಿದ್ದಾಗ ಸಂತೆಯ ಬಯಲಿನಲ್ಲಿ ಕೊಂಚ ಹೊತ್ತು ನಿಂತೆನು. ಕಲಾಯಿಯ ಕುಲುಮೆಗಳು ಈಗ ಅಲ್ಲಿಲ್ಲ. ಉಕ್ಕಿನ ಪಾತ್ರೆಗಳಿಗೆ ಕಲಾಯಿ ಬೇಕಿಲ್ಲ. ಆ ಮುದುಕನ ಹೆಸರನ್ನು ನಾನು ಆಗ ಕೇಳಿರಲಿಲ್ಲ. ಈಗ ಹೇಳುವವರು ಯಾರೂ ಇಲ್ಲ. ಅವನು ಕುಳಿತಿದ್ದ ಜಾಗವೆಂದು ನನಗೆ ತೋರಿದ ಕಡೆಗೆ ಕೈಮುಗಿದು ಬಂದೆನು. ಉಳಿದುದನ್ನು ಇಲ್ಲಿ ಬರೆದಿದ್ದೇನೆ.